ಹಳೇ ಹ್ಯಾಲೋವೀನ್ ಸಾಮಾನು: ಆನ್‌ಲೈನ್ ಹರಾಜಿನ ಬೆಲೆಗಳಲ್ಲಿ ಯಾವುದನ್ನ ನಂಬೋದು?

ಕಾವೇರಿ_ಪೆನ್ಸಿಲ್ವೇನಿಯ

ನಮ್ಮೂರ ಹತ್ತಿರ ಒಂದು ಮನೆಯ ಎಸ್ಟೇಟ್ ಸೇಲ್ (ಮನೆ ಖಾಲಿ ಮಾಡೋವಾಗ ಇರೋ ಸಾಮಾನೆಲ್ಲ ಮಾರೋದು) ಪೂರ್ತಿ ಆನ್‌ಲೈನಲ್ಲೇ ಹರಾಜಾಯ್ತು. "ಹಾಲಿಡೇ ಡೆಕೋರ್, ಒಂದು ಡಬ್ಬ" ಅಂತ ಮಸುಕಾದ ಒಂದೇ ಫೋಟೋ ಹಾಕಿದ್ದರು. ಕ್ರಿಸ್ಮಸ್ ಸಾಮಾನು ಅಂದ್ಕೊಂಡು ಜನ ಬಿಟ್ಟರು ಅಂತ ಕಾಣತ್ತೆ, ನನಗೆ 40 ಡಾಲರಿಗೆ ಸಿಕ್ತು. ತೆಗೆದು ನೋಡಿದರೆ ಪೂರ್ತಿ ಹ್ಯಾಲೋವೀನ್, ಅಕ್ಟೋಬರ್ ಕೊನೆಗೆ ಬರೋ ದೆವ್ವ-ಭೂತದ ಹಬ್ಬದ ಸಾಮಾನು.

ಒಳಗಿರೋದು: ಮೊಟ್ಟೆ ಟ್ರೇ ಥರದ ರಟ್ಟಲ್ಲಿ ಮಾಡಿರೋ ಕುಂಬಳಕಾಯಿ ಲಾಂದ್ರ, ಒಂದು ಕಣ್ಣಿನ ಕಾಗದ ಹರಿದಿದೆ, ಬಾಯಿದು ಸರಿಯಾಗಿದೆ. ರಟ್ಟಿನ ಕಪ್ಪು ಬೆಕ್ಕು ಎರಡು. ಜೇನುಗೂಡಿನ ಹಾಗೆ ಬಿಚ್ಚಿಕೊಳ್ಳೋ ಟಿಶ್ಯೂ ಕಾಗದದ ಕುಂಬಳ ಒಂದು. ತಗಡಿನ ಗಿರಗಟ್ಟೆ, ಕಿತ್ತಳೆ ಪ್ಲಾಸ್ಟಿಕ್ಕಿನ ಮಾಟಗಾತಿ, ಮೆಕ್‌ಡೊನಾಲ್ಡ್ಸ್ ಬಕೆಟ್ ಮೂರು, ರಬ್ಬರ್ ಬ್ಯಾಂಡ್ ಹಾಕಿರೋ ಪೋಸ್ಟ್‌ಕಾರ್ಡ್ ಕಟ್ಟು.

ಲಾಂದ್ರದ ಥರದ್ದೇ ಒಂದನ್ನ ಒಬ್ಬ 35 ಡಾಲರಿಗೆ ಮಾರ್ತಿದ್ದಾನೆ, ಇನ್ನೊಬ್ಬ 900 ಕೇಳ್ತಿದ್ದಾನೆ. ಒಂದೆರಡು ಇಟ್ಟುಕೊಂಡು ಉಳಿದದ್ದು ಮಾರೋ ಯೋಚನೆ. ಬೆಲೆ ಹೆಂಗೆ ಕಟ್ಟೋದು?

ಸಂತೆ_ಸುಬ್ಬ

ಮೊದಲು ಆ 900 ಮರೀರಿ. ಅದು ಅವನು ಕೇಳ್ತಿರೋ ಬೆಲೆ, ಯಾರೂ ಕೊಟ್ಟಿದ್ದಲ್ಲ. ಹರಾಜಿನ ಜಾಲತಾಣ ಈಬೇಯಲ್ಲಿ ಹುಡುಕಿದ ಮೇಲೆ ಫಿಲ್ಟರಲ್ಲಿ "ಸೋಲ್ಡ್ ಐಟಮ್ಸ್" ಒತ್ತಿ. ಹೆಚ್ಚುಕಮ್ಮಿ ಹಿಂದಿನ ಮೂರು ತಿಂಗಳ ಮಾರಾಟ ಕಾಣತ್ತೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ವರ್ತ್‌ಪಾಯಿಂಟ್ ಥರದ ದುಡ್ಡು ಕೊಡೋ ಜಾಲತಾಣ, ಇಲ್ಲಾ ಲೈವ್‌ಆಕ್ಷನಿಯರ್ಸಲ್ಲಿ ಹಳೇ ಹರಾಜುಗಳ ಫಲಿತಾಂಶ.

ಆದರೆ ಅಲ್ಲೂ ಮೂರು ಕಡೆ ಹುಷಾರು. "ಬೆಸ್ಟ್ ಆಫರ್" (ಕೊಳ್ಳೋವನು ಚೌಕಾಸಿ ಮಾಡಿ ಹೇಳಿದ ಬೆಲೆ) ಒಪ್ಪಿಕೊಂಡು ಮಾರಿದ್ದರೆ ಕೇಳಿದ ಬೆಲೆ ಗೆರೆ ಹೊಡೆದು ಕಾಣತ್ತೆ, ನಿಜಕ್ಕೂ ಎಷ್ಟಕ್ಕೆ ಹೋಯ್ತು ಅಂತ ಗೊತ್ತಾಗಲ್ಲ. ಗೆದ್ದವನು ದುಡ್ಡೇ ಕೊಡದೆ ಓಡಿಹೋದರೂ ಕೆಲವು ಸಲ ಅದು ಮಾರಾಟ ಅಂತಲೇ ಉಳಿದಿರತ್ತೆ. ಮೂರನೇದು, ಹಟಕ್ಕೆ ಬಿದ್ದ ಇಬ್ಬರು ಸಿಕ್ಕರೆ ಸಾಕು, ಒಂದು ಸಾಮಾನಿನ ಬೆಲೆ ಆಕಾಶ ಮುಟ್ಟತ್ತೆ, ಮುಂದಿನ ವಾರ ಅದೇ ಸಾಮಾನು ಅದರ ಮೂರನೇ ಒಂದಕ್ಕೆ ಹೋಗತ್ತೆ. ಹಾಗಾಗಿ ಒಂದು ಮಾರಾಟ ನೋಡಿ ತೀರ್ಮಾನ ಮಾಡಬೇಡಿ. ಅದೇ ಸಾಮಾನು, ಅದೇ ಅಳತೆ, ಅದೇ ಸ್ಥಿತಿ ಇರೋ ನಾಲ್ಕೈದು ಹುಡುಕಿ. ಅತಿ ಮೇಲಿಂದು, ಅತಿ ಕೆಳಗಿಂದು ಬಿಟ್ಟುಬಿಡಿ.

ಓಹಾಯೋ_ಗೌಡ್ತಿ

ಸುಬ್ಬ ಹೇಳಿದ್ದು ಸರಿ, ಆದರೆ "ಅದೇ ಸಾಮಾನು" ಅನ್ನೋದನ್ನ ಗುರುತಿಸೋದೇ ಇಲ್ಲಿ ಅರ್ಧ ಕೆಲಸ. ಒಂದೇ ಕಿತ್ತಳೆ ಮುಖ ಅಂತ ಕಂಡರೂ ಎರಡು ಬೇರೆ ಜಾತಿ ಇವೆ.

ಒಂದು ಜರ್ಮನಿಯದ್ದು. ಮೈ ನುಣುಪು, ತೆಳು ಗಿಲಾವು ಹಾಕಿದಂಗಿರತ್ತೆ, ಮುಖದಲ್ಲಿ ಒಂಥರಾ ಕುಚೇಷ್ಟೆ. ಥುರಿಂಗಿಯಾದ ಸೊನ್ನೆಬರ್ಗ್ ಸುತ್ತ ಮನೆಮನೆಯಲ್ಲಿ ಗೊಂಬೆ ಮಾಡೋ ಕುಟುಂಬಗಳಿದ್ದವು, ಅಮೆರಿಕದ ಅಂಗಡಿಗಳಿಗೆ ಅಲ್ಲಿಂದಲೇ ಹಡಗಲ್ಲಿ ಬರ್ತಿತ್ತು. ಬೆಕ್ಕಿನ ತಲೆ, ದೆವ್ವದ ತಲೆ, ತರಕಾರಿ ಮೈಯ ಮಿಠಾಯಿ ಡಬ್ಬಿ ಎಲ್ಲಾ ಇವೇ. ಒಳ್ಳೇ ಸ್ಥಿತಿಯಲ್ಲಿದ್ದರೆ ನೂರಾರು ಡಾಲರ್, ಅಪರೂಪದ ಆಕಾರ ಆದರೆ ಸಾವಿರ ದಾಟತ್ತೆ.

ಇನ್ನೊಂದು ಅಮೆರಿಕದ್ದೇ, ನಿಮ್ಮದು ಇದು. ಪಲ್ಪ್ ಅಂತಾರೆ, ಅಂದರೆ ಕಾಗದದ ತಿರುಳು. ಬಫಲೋ ಅನ್ನೋ ಊರಿನ ಎಫ್.ಎನ್. ಬರ್ಟ್ ಕಂಪನಿ, ಮಿಲ್ವಾಕಿಯ ಪಲ್ಪ್ ರಿಪ್ರೊಡಕ್ಷನ್ ಕಂಪನಿ ಇವನ್ನ ಮಾಡ್ತಿದ್ದವು. ಹೆಚ್ಚಿನವುಗಳ ಮೇಲೆ ಹೆಸರಿರಲ್ಲ. ಮೈ ತರಿತರಿ, ಮೇಲೆ ತಂತಿ ಹಿಡಿ, ಕೆಳಗೆ ಮೋಂಬತ್ತಿ ಕೂರಿಸೋ ಜಾಗ. ಕಣ್ಣು, ಬಾಯಿಗೆ ಒಳಗಿಂದ ತೆಳು ಕಾಗದ ಅಂಟಿಸಿರ್ತಾರೆ, ಬೆಳಕಿಗೆ ಗುಡ್ಡೆ, ಹಲ್ಲು ಹೊಳೀಲಿ ಅಂತ. ನೀವು ಕಣ್ಣಿನ ಕಾಗದ ಅಂದಿದ್ದು ಅದೇ. ನಿಜವಾದ ಮೋಂಬತ್ತಿ ಉರಿಸ್ತಿದ್ದ ಕಾಲ, ಬೆಂಕಿಗೆ ಮೊದಲು ಹೋಗೋದೇ ಆ ಕಾಗದ. ಮೂಲ ಕಾಗದ ಪೂರ್ತಿ ಉಳಿದಿರೋ ಲಾಂದ್ರಕ್ಕೂ ತೂತು ಕಣ್ಣಿನದಕ್ಕೂ ಬೆಲೆಯಲ್ಲಿ ಸುಲಭವಾಗಿ ಎರಡು ಪಟ್ಟು ಅಂತರ.

ಒಳಗೆ ಮಸಿ ಇದೆಯಾ ನೋಡಿ. ಹಳೇ ಲಾಂದ್ರದಲ್ಲಿ ಸ್ವಲ್ಪ ಮಸಿ, ಮೇಣದ ಹನಿ ಇದ್ದರೆ ಗಾಬರಿ ಬೇಡ. ಹೊರಗಿನ ಬಣ್ಣ ಹೊಸದಾಗಿ ಮಿಂಚ್ತಿದ್ದರೆ ಮಾತ್ರ ಅನುಮಾನ ಪಡಿ, ಮೇಲಿಂದ ಬಣ್ಣ ಹೊಡೆದು ಮಾರೋರು ಇದ್ದಾರೆ. ಮತ್ತೆ ದಯವಿಟ್ಟು ಅದರೊಳಗೆ ಮೋಂಬತ್ತಿ ಹಚ್ಚಬೇಡಿ, ಒಣಗಿದ ರಟ್ಟು ಅದು.

ಧಾರವಾಡ_ಫೇಡೆ

ಏನ್ರಿ ಇದು, ರೊಕ್ಕ ಕೊಟ್ಟು ದೆವ್ವ ಮನಿಗೆ ತರೂದು! ನಮ್ಮ ಅತ್ತಿಯವ್ರು ನೋಡಿದ್ರ ಅಮಾಸಿ ದಿನ ಡಬ್ಬಿ ಸಮೇತ ಹೊರಗ ಒಗೀತಾರ.

ಚ್ಯಾಷ್ಟಿ ಬಿಡ್ರಿ, ಖರೇನ ಒಂದ್ ಪ್ರಶ್ನೆ ಅದ. ಆಗಿನ ಕಾಲಕ್ಕ ಇವು ಪೈಸಾದ ಸಾಮಾನು. ಕಾಗದ, ರಟ್ಟು. ಬೆಳ್ಳಿ ಅಲ್ಲ, ಬಂಗಾರ ಅಲ್ಲ. ಇಷ್ಟ್ ರೊಕ್ಕ ಯಾಕ್ ಆತು?

ಓಹಾಯೋ_ಗೌಡ್ತಿ

ಪೈಸಾದ್ದು ಅಂತಲೇ! ಒಂದು ರಾತ್ರಿ ಪಾರ್ಟಿ ಮುಗಿದರೆ ಕಸದ ಬುಟ್ಟಿಗೆ. ಕ್ರಿಸ್ಮಸ್ ಗಾಜಿನ ಗುಂಡು ಆದರೆ ಹತ್ತಿ ಸುತ್ತಿ ಅಟ್ಟದ ಮೇಲಿಡ್ತಿದ್ದರು, ಮೊಮ್ಮಕ್ಕಳಿಗೆ ಕೊಡ್ತಿದ್ದರು. ಹ್ಯಾಲೋವೀನ್ ಬೆಕ್ಕನ್ನ ಯಾರೂ ಎತ್ತಿಡಲಿಲ್ಲ. ಲಕ್ಷಗಟ್ಟಲೆ ಅಚ್ಚಾದರೂ ಉಳಿದಿದ್ದು ಕಡಿಮೆ.

ಇನ್ನೊಂದು, ಕಾಲ ಚಿಕ್ಕದು. 1900ರ ಹೊತ್ತಿಗೆ ಅಮೆರಿಕದಲ್ಲಿ ಹ್ಯಾಲೋವೀನ್ ಅಂದರೆ ಹೆಚ್ಚಾಗಿ ಮನೆಪಾರ್ಟಿ. ಮ್ಯಾಸಚೂಸೆಟ್ಸಿನ ಫ್ರೇಮಿಂಗ್‌ಹ್ಯಾಮಲ್ಲಿದ್ದ ಡೆನಿಸನ್ ಕಂಪನಿ ತನ್ನ ಕ್ರೇಪ್ ಕಾಗದ (ಅಲಂಕಾರಕ್ಕೆ ಬಳಸೋ ಸುಕ್ಕುಸುಕ್ಕು ಕಾಗದ) ಮಾರೋಕೆ ಅಂತ 1909ರಲ್ಲಿ "ಬೋಗಿ ಬುಕ್" ಅನ್ನೋ ಪುಸ್ತಿಕೆ ಹೊರತಂದಿತು: ಮೇಜು ಹೆಂಗೆ ಸಿಂಗರಿಸಬೇಕು, ಏನು ವೇಷ ಹಾಕಬೇಕು, ಏನು ಆಟ ಆಡಿಸಬೇಕು. ಈಗ ಆ ಪುಸ್ತಿಕೆಗಳೇ ಹರಾಜಿಗೆ ಬರ್ತವೆ. ಆಮೇಲೆ ಮೊದಲ ಮಹಾಯುದ್ಧ ಬಂದು ಜರ್ಮನಿಯ ಮಾಲು ಕೆಲಕಾಲ ನಿಂತುಹೋಯ್ತು, ಅಮೆರಿಕದ ಕಂಪನಿಗಳಿಗೆ ಜಾಗ ಸಿಕ್ತು. ಕಾವೇರಿಯವರ ರಾಜ್ಯದ್ದೇ ಬೈಸ್ಟಲ್ ಕಂಪನಿ, 1900ರಲ್ಲಿ ಶುರು, ಶಿಪೆನ್ಸ್‌ಬರ್ಗಲ್ಲಿ ಇವತ್ತಿಗೂ ಇದೆ. ಆ ಜೇನುಗೂಡು ಟಿಶ್ಯೂ ಅವರ ಕೈಚಳಕ. ಜನ ಹುಚ್ಚು ಹಿಡಿದು ಹುಡುಕೋದು ಸುಮಾರು 1910ರಿಂದ 1940ರೊಳಗಿನ ಮಾಲನ್ನ.

ಕಾವೇರಿ_ಪೆನ್ಸಿಲ್ವೇನಿಯ

ಟಿಶ್ಯೂ ಕುಂಬಳದ ಅಡಿಯಲ್ಲಿ "ಬೈಸ್ಟಲ್, ಮೇಡ್ ಇನ್ ಯುಎಸ್ಎ" ಅಂತ ಇದೆ! ಹಾಗಾದರೆ 1920ರದ್ದಾ?

ಓಹಾಯೋ_ಗೌಡ್ತಿ

ಅಷ್ಟು ಬೇಗ ಖುಷಿಪಡಬೇಡಿ 🙂 ಬೈಸ್ಟಲ್ ಒಂದೇ ವಿನ್ಯಾಸವನ್ನ ದಶಕಗಟ್ಟಲೆ ಅಚ್ಚು ಹಾಕಿದೆ. ಕೈಕಾಲು ಆಡಿಸೋ ಅಸ್ಥಿಪಂಜರ ಅಜ್ಜಿ ಕಾಲದಲ್ಲೂ ಇತ್ತು, ಮೊಮ್ಮಗಳ ಕಾಲದಲ್ಲೂ ಇತ್ತು. ಹಳೇ ಚಿತ್ರಗಳನ್ನೇ "ವಿಂಟೇಜ್" (ಹಳೇ ಕಾಲದ್ದು) ಸಾಲು ಅಂತ ಈಗ ಮತ್ತೆ ಹೊಸದಾಗಿ ಮಾರ್ತಾರೆ. ಅದರಲ್ಲಿ ಮೋಸ ಏನಿಲ್ಲ, ಕಂಪನಿ ತನ್ನದೇ ಚಿತ್ರ ಮಾರೋದು. ಮೋಸ ಆಗೋದು ಯಾರೋ ಅದನ್ನ ಚಹಾ ನೀರಲ್ಲಿ ಅದ್ದಿ ಒಣಗಿಸಿ "ಬಾರ್ನ್ ಫೈಂಡ್" (ಹಳೇ ಕೊಟ್ಟಿಗೆಯಲ್ಲಿ ಸಿಕ್ಕಿದ್ದು) ಅಂತ ಮಾರಿದಾಗ. ಚಿತ್ರ ನೋಡಿ ಕಾಲ ಹೇಳೋಕಾಗಲ್ಲ. ಗುರುತು, ಕಾಗದ, ಅಚ್ಚು, ಮೂರೂ ನೋಡಬೇಕು. ಬೈಸ್ಟಲ್ಲಿನ ಕೆಲವದರ ಮೇಲೆ ಎಚ್.ಇ. ಲೂರ್ಸ್ ಅಂತ ಇರತ್ತೆ, ಅದು ಆ ಮನೆತನದ ಅಳಿಯನ ಹೆಸರು. ಸಂಗ್ರಾಹಕರು ಅದನ್ನ ಒಳ್ಳೇ ಗುರುತು ಅಂತ ನೋಡ್ತಾರೆ.

ಕಲ್ಲಚ್ಚು

ನಾನು ಬೆಂಗಳೂರಲ್ಲಿ ಅಚ್ಚುಕೂಟದಲ್ಲೇ ಜೀವಮಾನ ಕಳೆದವನು. ಹ್ಯಾಲೋವೀನ್ ಗೊತ್ತಿಲ್ಲ, ಅಚ್ಚು ಗೊತ್ತು. ಹಳೇ ರವಿವರ್ಮ ಪ್ರೆಸ್ಸಿನ ಚಿತ್ರಗಳನ್ನ ಕೊಳ್ಳೋವಾಗ ನಾವು ಮಾಡೋ ಪರೀಕ್ಷೆ ಇಲ್ಲೂ ನಡೆಯತ್ತೆ. ಆ ಪ್ರೆಸ್ಸಿಗೂ ಯಂತ್ರ, ಕೆಲಸಗಾರರು ಜರ್ಮನಿಯಿಂದಲೇ ಬಂದಿದ್ದು, ಒಂದೇ ವಿದ್ಯೆ.

ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ತಗೊಳ್ಳಿ. ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕೋ) ಹಳೇ ಕೆಲಸದಲ್ಲಿ ಬಣ್ಣದ ಚುಕ್ಕೆಗಳು ಕೈಯಲ್ಲಿ ಇಟ್ಟಂತೆ ಅಸ್ತವ್ಯಸ್ತ, ದೊಡ್ಡದು ಸಣ್ಣದು ಇರ್ತವೆ. ಅಂಚಲ್ಲಿ ಒಂದು ಬಣ್ಣ ಇನ್ನೊಂದರ ಮೇಲೆ ಸ್ವಲ್ಪ ಜಾರಿರತ್ತೆ. ಆಫ್‌ಸೆಟ್ (ತಗಡಿಂದ ರಬ್ಬರಿಗೆ, ಅಲ್ಲಿಂದ ಕಾಗದಕ್ಕೆ ಬೀಳೋ ಯಂತ್ರದ ಅಚ್ಚು) ಆದರೆ ಚುಕ್ಕೆಗಳು ಸಾಲುಸಾಲಾಗಿ ಹೂವಿನ ಸುತ್ತಿನ ಥರ ಕೂತಿರ್ತವೆ. ಆಫ್‌ಸೆಟ್ ಕಂಡ ತಕ್ಷಣ ನಕಲಿ ಅನ್ನಬೇಡಿ, ಅದೂ ಹಳೇ ವಿದ್ಯೆಯೇ. ಆದರೆ ಪುಡಿ ಉದುರಿಸಿದಂತೆ ಎಲ್ಲಾ ಬಣ್ಣದ ಸೂಕ್ಷ್ಮ ಚುಕ್ಕೆ ಚೆಲ್ಲಿದ್ದರೆ ಅದು ಮನೆಯ ಇಂಕ್‌ಜೆಟ್ ಪ್ರಿಂಟರಿನದು. ಅಲ್ಲಿಗೆ ಮಾತು ಮುಗೀತು.

ಎರಡನೇದು ನೇರಳೆಯಾಚೆಯ ಟಾರ್ಚು, ಯುವಿ ಅಂತ ಸಿಗತ್ತಲ್ಲ ಅದು. ಕತ್ತಲಲ್ಲಿ ಬಿಡಿ. ಕಾಗದಕ್ಕೆ ಬಿಳುಪು ಹೆಚ್ಚಿಸೋ ರಾಸಾಯನಿಕ ಹಾಕೋ ರೂಢಿ ಹೆಚ್ಚುಕಮ್ಮಿ 1950ರ ಸುಮಾರಿಗೆ ಶುರುವಾಯ್ತು. ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದು 1920ರದ್ದಾಗಿರೋಕೆ ಸಾಧ್ಯ ಇಲ್ಲ. ಆದರೆ ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಹಳೇದು ಅಂತಲೂ ಅಲ್ಲ, ಆ ರಾಸಾಯನಿಕ ಹಾಕದ ರಟ್ಟು ಇವತ್ತಿಗೂ ತಯಾರಾಗತ್ತೆ. ಈ ಪರೀಕ್ಷೆ ಇಲ್ಲ ಅನ್ನಬಲ್ಲದು, ಹೌದು ಅನ್ನಲಾರದು.

ಮೂರನೇದು ಬೆಕ್ಕಿನ ಬೆನ್ನು. ಕಾವೇರಿಯವರೇ, ಹಿಂಬದಿ ಕೈಯಾಡಿಸಿ ನೋಡಿ. ಮುಂದೆ ಉಬ್ಬಿದ ಕಡೆ ಹಿಂದೆ ತಗ್ಗು ಸಿಗತ್ತಾ?

ಸಂತೆ_ಸುಬ್ಬ

ಇದಕ್ಕೆ ಅಕ್ಷರದ ಗುರುತುಗಳನ್ನೂ ಸೇರಿಸಿ, ಪುಕ್ಕಟೆ ಪರೀಕ್ಷೆ. ಪೊಟ್ಟಣದ ಮೇಲೆ ಐದಂಕಿಯ ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಇದ್ದರೆ 1963ರ ಈಚೆಯದು. "ಬಫಲೋ 3, ನ್ಯೂಯಾರ್ಕ್" ಅಂತ ಊರಿನ ಮುಂದೆ ಬಿಡಿ ಅಂಕಿ ಇದ್ದರೆ 1943ರಿಂದ 1963ರ ನಡುವೆ. ಬಾರ್‌ಕೋಡ್ ಇದ್ದರೆ 1974ರ ಈಚೆ. "ಯುಎಸ್ ಝೋನ್ ಜರ್ಮನಿ" (ಅಮೆರಿಕದ ಹಿಡಿತದಲ್ಲಿದ್ದ ಭಾಗ) ಅಂದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನ ಕೆಲವೇ ವರ್ಷ, "ವೆಸ್ಟರ್ನ್ ಜರ್ಮನಿ" ಅಂದರೆ ಅದರ ನಂತರ. ಬರೀ "ಜರ್ಮನಿ" ಅಂತಿದ್ದರೆ ಯುದ್ಧಕ್ಕೆ ಮುಂಚಿನದಿರಬಹುದು, ಆದರೆ ಠಸ್ಸೆ ಹೊಡೆಯೋದು ಯಾರಿಗೆ ಬರಲ್ಲ ಹೇಳಿ.

ಮಾರೋರ ಭಾಷೆಯನ್ನೂ ಓದೋದು ಕಲೀರಿ. ಕೈಕೆಲಸ, ಹಳೇ ಸಾಮಾನು ಮಾರೋ ಎಟ್ಸಿ ಜಾಲತಾಣದಲ್ಲಿ 20 ವರ್ಷ ಆದರೆ ಸಾಕು, ವಿಂಟೇಜ್ ಅನ್ನಬಹುದು, ಅದು ಅವರ ನಿಯಮವೇ. ಅಂದರೆ ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮಗಳಿಗೆ ಕೊಡಿಸಿದ ಪ್ಲಾಸ್ಟಿಕ್ ಕುಂಬಳವೂ ಈಗ ವಿಂಟೇಜ್!

ಮಂಗಳೂರ್_ಮಲ್ಲಿಗೆ

ಪೋಸ್ಟ್‌ಕಾರ್ಡ್ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ ಮಾರ್ರೆ! ನಾನು ಮಂಗಳೂರಲ್ಲೇ ಕೂತು ತರಿಸಿಕೊಳ್ಳುವುದು ಅದೊಂದೇ. ಲಾಂದ್ರ ತರಿಸಿದರೆ ಸಾಮಾನಿಗಿಂತ ಸಾಗಣೆ ಜಾಸ್ತಿ. ಕಾರ್ಡಾದರೆ ಲಕೋಟೆಯಲ್ಲಿ ಬರುತ್ತದೆ.

ಹಿಂಬದಿ ನೋಡಿ. ವಿಳಾಸಕ್ಕೂ ಸಂದೇಶಕ್ಕೂ ನಡುವೆ ಗೆರೆ ಇದ್ದರೆ ಅಮೆರಿಕದ ಕಾರ್ಡು 1907ರ ಮಾರ್ಚ್ ನಂತರದ್ದು, ಅದಕ್ಕಿಂತ ಮುಂಚೆ ಹಿಂಬದಿ ಪೂರ್ತಿ ವಿಳಾಸಕ್ಕೆ ಮಾತ್ರ. ಅಂಚೆ ಮುದ್ರೆ ಬಿದ್ದಿದ್ದರೆ ಇನ್ನೂ ಒಳ್ಳೆಯದು, ಊರು, ತಾರೀಕು ಎರಡೂ ಉಂಟು. "ಜಾನ್ ವಿಂಚ್" ಅಂತ ಕಾಪಿರೈಟ್, 1911ರಿಂದ 1914ರೊಳಗಿನ ವರ್ಷ ಕಂಡರೆ ಅದನ್ನು ಕಟ್ಟಿನಿಂದ ಬೇರೆ ಇಡಿ. ಅದರಲ್ಲಿ ಸ್ಯಾಮ್ಯುಯೆಲ್ ಶ್ಮುಕರ್ ಬರೆದ ಉದ್ದ ಕುತ್ತಿಗೆಯ ಚೆಂದದ ಹೆಂಗಸರಿರುತ್ತಾರೆ, ಮಾಟಗಾತಿಯಾದರೂ ರಾಜಕುಮಾರಿಯ ಹಾಗೆ. ಅವನ ಸಹಿ ಇರುವುದಿಲ್ಲ, ಗೊತ್ತಿದ್ದವರಿಗೆ ಮಾತ್ರ ಗೊತ್ತು. ಒಳ್ಳೆಯ ಕಾರ್ಡು ಒಂದೇ ನೂರು ಡಾಲರ್ ದಾಟುವುದುಂಟು. ಎಲೆನ್ ಕ್ಲಾಪ್‌ಸ್ಯಾಡಲ್ ಸಹಿ ಇರುವ ದುಂಡು ಮುಖದ ಮಕ್ಕಳ ಕಾರ್ಡು ಹೆಚ್ಚು ಸಿಗುತ್ತದೆ, ಹಾಗಾಗಿ ಬೆಲೆ ಕಡಿಮೆ.

ಮೂಲೆ ನೋಡಿ, ಮಡಿಕೆ ನೋಡಿ. ಮೂಲೆ ಸುಕ್ಕಾದರೆ ಬೆಲೆ ಬೀಳುತ್ತದೆ. ಹಿಂದೆ ಬರೆದದ್ದು ಇದ್ದರೆ ನನಗೇನೂ ಬೇಸರ ಇಲ್ಲ, ಎಷ್ಟೋ ಸಲ ಚಿತ್ರಕ್ಕಿಂತ ಅದೇ ಓದಲು ಚೆಂದ.

ಕಲ್ಲಚ್ಚು

ನಿಮ್ಮೂರಿನವರಿಗೆ ಕಲ್ಲಚ್ಚಿನ ಮೇಲೆ ಪ್ರೀತಿ ಇರಲೇಬೇಕು. 1843ರಲ್ಲಿ ಮಂಗಳೂರ ಸಮಾಚಾರ ಬಾಸೆಲ್ ಮಿಶನ್ನಿನಲ್ಲಿ ಅಚ್ಚಾಗಿದ್ದೂ ಕಲ್ಲಿನ ಮೇಲೇ.

ಕಾವೇರಿ_ಪೆನ್ಸಿಲ್ವೇನಿಯ

ಕಟ್ಟಲ್ಲಿ ವಿಂಚ್ ಎರಡು ಇವೆ. ಕೂಗಿಬಿಟ್ಟೆ, ಗಂಡ ಓಡಿ ಬಂದರು.

ಲಾಂದ್ರದ ಪ್ರಶ್ನೆ: ಹರಿದ ಕಣ್ಣಿನ ಕಾಗದ ಹೊಸದಾಗಿ ಮಾಡಿ ಮಾರೋರು ಇದ್ದಾರೆ, ಎಂಟು ಹತ್ತು ಡಾಲರ್. ಹಾಕಿಸಿದರೆ ಚೆನ್ನಾಗಿ ಕಾಣಲ್ವಾ? ಮೈಮೇಲಿನ ಧೂಳನ್ನ ಒದ್ದೆ ಬಟ್ಟೆಯಲ್ಲಿ ಒರೆಸಲಾ?

ಓಹಾಯೋ_ಗೌಡ್ತಿ

ನೀರು ಮುಟ್ಟಿಸಲೇಬೇಡಿ! ಪಲ್ಪ್ ನೀರು ಹೀರತ್ತೆ, ಬಣ್ಣ ಬಿಡತ್ತೆ. ಮೆತ್ತನೆಯ ಒಣ ಬ್ರಷ್, ಅಷ್ಟೇ. ಟಿಶ್ಯೂ ಕುಂಬಳಕ್ಕೆ ಬ್ರಷ್ಷೂ ಬೇಡ, ಊದಿಬಿಡಿ.

ಕಣ್ಣಿಗೆ ಕೈ ಹಾಕಬೇಡಿ. ಹರಿದದ್ದು ಹರಿದ ಹಾಗೇ ಇರಲಿ. ಕೊಳ್ಳೋವಳು ನಾನಾದರೆ ಮೂಲದ ಅರ್ಧ ಕಣ್ಣು ನನಗೆ ಬೇಕು, ಹೊಸ ಕಣ್ಣಲ್ಲ.

ಸಂತೆ_ಸುಬ್ಬ

ಇದನ್ನ ಒಪ್ಪಲ್ಲ. ಗೌಡ್ತಿಯವರಂಥ ಸಂಗ್ರಾಹಕರು ನೂರಕ್ಕೆ ಹತ್ತು ಜನ ಇರಬಹುದು. ಉಳಿದವರು ಅಕ್ಟೋಬರಲ್ಲಿ ಕಿಟಕಿಯಲ್ಲಿಟ್ಟು ಒಳಗೆ ಬ್ಯಾಟರಿ ದೀಪ ಹಾಕಿ ಫೋಟೋ ತೆಗೆಯೋರು. ಅವರಿಗೆ ಎರಡು ಕಣ್ಣೂ ಬೇಕು. ಹೊಸ ಕಾಗದ ಹಾಕಿ, "ಎಡಗಣ್ಣು ಹೊಸದು" ಅಂತ ಸ್ಪಷ್ಟವಾಗಿ ಬರೆದು ಮಾರಿದರೆ ಏನು ತಪ್ಪು?

ಓಹಾಯೋ_ಗೌಡ್ತಿ

ನೀವು ಬರೀತೀರಿ. ನಿಮ್ಮಿಂದ ಕೊಂಡವನು ಎರಡು ವರ್ಷ ಬಿಟ್ಟು ಮಾರೋವಾಗ ಬರೀತಾನಾ? ಮೂರನೇ ಕೈಗೆ ಹೋಗೋ ಹೊತ್ತಿಗೆ ಅದು "ಪೂರ್ತಿ ಮೂಲ" ಆಗಿರತ್ತೆ. ಹಾಕಲೇಬೇಕು ಅಂದರೆ ಅಂಟಿಸಬೇಡಿ. ಹರಿದ ಮೂಲ ಕಾಗದ ಹಾಗೇ ಬಿಟ್ಟು, ಹೊಸದನ್ನ ಒಂದು ಸಣ್ಣ ಲಕೋಟೆಯಲ್ಲಿ ಜೊತೆಗೆ ಕೊಡಿ. ಬೇಕಾದವರು ಸಿಕ್ಕಿಸಿಕೊಳ್ಳಲಿ.

ಸಂತೆ_ಸುಬ್ಬ

ಲಕೋಟೆ ಐಡಿಯಾ ಸರಿ ಇದೆ. ಒಪ್ಪಿದೆ.

ಧಾರವಾಡ_ಫೇಡೆ

ಆ ಬಕೆಟ್ಟು, ಮಾಟಗಾತಿ ಕಥಿ ಏನಾತ್ರಿ? ನನಗ ಅವ ಛಲೋ ಅನಸ್ತಾವ.

ಸಂತೆ_ಸುಬ್ಬ

ಬಕೆಟ್ಟು 1986ರಲ್ಲಿ ಮೆಕ್‌ಡೊನಾಲ್ಡ್ಸಿನವರು ಮಕ್ಕಳ ಊಟದ ಜೊತೆ ದೇಶಾದ್ಯಂತ ಹಂಚಿದ್ದು. ಎಲ್ಲರ ಬಾಲ್ಯದಲ್ಲೂ ಇದೆ, ಎಲ್ಲರ ಗ್ಯಾರೇಜಲ್ಲೂ ಇದೆ. ಮೂರೂ ಸೇರಿಸಿ, ಮುಚ್ಚಳ ಇದ್ದರೆ ಒಂದೇ ಲಾಟ್ ಮಾಡಿ ಕಳಿಸಿಬಿಡಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಿರಗಟ್ಟೆ ಟಿ. ಕೋನ್ ಇಲ್ಲಾ ಕಿರ್ಚಾಫ್ ಕಂಪನಿಯದಿರಬಹುದು, ಹಿಡಿ ಹತ್ತಿರ ಹೆಸರು ಹುಡುಕಿ. ತುಕ್ಕಿಲ್ಲದಿದ್ದರೆ 20–30 ಡಾಲರ್ ಆಸುಪಾಸು.

ಪ್ಲಾಸ್ಟಿಕ್ ಮಾಟಗಾತಿ ಬೇರೆ ವಿಷಯ. ಗಟ್ಟಿ, ಬೇಗ ಒಡೆಯೋ ಪ್ಲಾಸ್ಟಿಕ್ಕಾ? ಆದರೆ 1950ರ ದಶಕದ ರೋಸ್‌ಬ್ರೋ ಇರಬಹುದು, ರೋಡ್ ಐಲ್ಯಾಂಡಿನ ಮಿಠಾಯಿ ಕಂಪನಿಯವರದ್ದು. ಗಾಲಿ ಇದ್ದರೆ, ವಾಹನದ ಮೇಲೆ ಕೂತಿದ್ದರೆ ಬೆಲೆ ಏರತ್ತೆ. ಒಳಗೆ ಬಲ್ಬ್ ಹಾಕೋ ದೊಡ್ಡ ಟೊಳ್ಳು ಗೊಂಬೆ ಆದರೆ ಅದು ಬ್ಲೋ ಮೋಲ್ಡ್ (ಅಚ್ಚಿನೊಳಗೆ ಗಾಳಿ ಊದಿ ಮಾಡಿದ್ದು), ಎಂಪೈರ್ ಇಲ್ಲಾ ಯೂನಿಯನ್ ಪ್ರಾಡಕ್ಟ್ಸ್ ಕಂಪನಿಯದಿರಬಹುದು. ಆ ಯೂನಿಯನ್ನಿನವರೇ ಹುಲ್ಲುಹಾಸಿನ ಮೇಲೆ ನಿಲ್ಲಿಸೋ ಗುಲಾಬಿ ಫ್ಲೆಮಿಂಗೋ ಹಕ್ಕಿ ಗೊಂಬೆ ಮಾಡಿದ್ದು, 1957ರಲ್ಲಿ. ಬ್ಲೋ ಮೋಲ್ಡಿನ ತೊಂದರೆ ಏನಂದರೆ ತೂಕ ಇಲ್ಲ, ಗಾತ್ರ ಇದೆ. ಸಾಗಣೆಯವರು ಡಬ್ಬದ ಅಳತೆಗೆ ದುಡ್ಡು ಹಾಕ್ತಾರೆ. ಅದನ್ನ ಊರಲ್ಲೇ ಕೈಗೆ ಕೈ ಮಾರೋದು ವಾಸಿ.

ಕಾವೇರಿ_ಪೆನ್ಸಿಲ್ವೇನಿಯ

ಗಟ್ಟಿ ಪ್ಲಾಸ್ಟಿಕ್, ಅಂಗೈ ಅಗಲ, ಗಾಲಿ ಇಲ್ಲ. ನನ್ನ ಮಗ ಅದನ್ನ ಈಗಾಗಲೇ ದಸರಾ ಗೊಂಬೆ ಮೆಟ್ಟಿಲ ಮೇಲೆ ಪಟ್ಟದ ಗೊಂಬೆ ಪಕ್ಕ ಕೂರಿಸಿದ್ದಾನೆ. ಹಾಗಾಗಿ ಅದು ಮಾರಾಟಕ್ಕಿಲ್ಲ.

ಹರಾಜು ಹಾಕಲಾ, ನಿಗದಿ ಬೆಲೆ ಹಾಕಲಾ? ಯಾವಾಗ?

ಸಂತೆ_ಸುಬ್ಬ

ಬೆಲೆ ನಿಮಗೆ ಖಚಿತವಾಗಿ ಗೊತ್ತಿದ್ದರೆ ನಿಗದಿ ಬೆಲೆ. ಗೊತ್ತಿಲ್ಲ, ಆದರೆ ಬೇಡಿಕೆ ಇದೆ ಅಂತ ಗೊತ್ತಿದ್ದರೆ ಹರಾಜು. ವಿಂಚ್ ಕಾರ್ಡು, ಬೆಕ್ಕು ಹರಾಜಿಗೆ; ಗಿರಗಟ್ಟೆ, ಬಕೆಟ್ಟು ನಿಗದಿಗೆ.

ಕಾಲ ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರ. ಅಕ್ಟೋಬರ್ ಕೊನೆಗೆ ಹಾಕಿದರೆ ಹಬ್ಬದ ಹೊತ್ತಿಗೆ ತಲುಪಲ್ಲ ಅಂತ ಜನ ಹಿಂಜರೀತಾರೆ. ನವೆಂಬರಲ್ಲಿ ಬೆಲೆ ಬೀಳತ್ತೆ, ನಾನು ಕೊಳ್ಳೋದು ಆಗಲೇ. ಭಾನುವಾರ ರಾತ್ರಿ ಎಂಟು ಗಂಟೆಗೆ ಮುಗಿಯೋ ಹಾಗೆ ಇಡಿ, ಎಲ್ಲರೂ ಮನೆಯಲ್ಲಿರ್ತಾರೆ.

ಮಂಗಳೂರ್_ಮಲ್ಲಿಗೆ

ನಮಗೆ ಅದು ಸೋಮವಾರ ಬೆಳಿಗ್ಗೆ ಐದೂವರೆ. ಅಲಾರಂ ಇಟ್ಟು ಏಳುವವರೂ ಇದ್ದಾರೆ, ನನಗಾಗುವುದಿಲ್ಲ. ನಾನು ಕೊಡಬಹುದಾದ ಗರಿಷ್ಠ ಮೊತ್ತ ಮೊದಲೇ ಬರೆದಿಟ್ಟು ಮಲಗುತ್ತೇನೆ. ಎದುರಾಳಿ ಏರಿಸಿದ ಹಾಗೆ ಈಬೇ ತಾನೇ ಒಂದೊಂದು ಹೆಜ್ಜೆ ಏರಿಸುತ್ತದೆ, ನಾನು ಹೇಳಿದ ಮಿತಿ ದಾಟುವುದಿಲ್ಲ. ಕೊನೆಯ ಐದು ಸೆಕೆಂಡಿನಲ್ಲಿ ಬಂದು ಹಾಕುವವರಿಗೆ ಸೋತರೆ, ಅವರಿಗೆ ಅದು ನನಗಿಂತ ಹೆಚ್ಚು ಬೇಕಿತ್ತು ಅಂತ ಬಿಟ್ಟೆ. ಮತ್ತೆ ಬೈಸ್ಟಲ್ ಹೆಸರಿನ ಇಂಗ್ಲಿಷ್ ಕಾಗುಣಿತ ತಪ್ಪಾಗಿ ಬರೆದು ಹುಡುಕಿ ನೋಡಿ, ಮಾರುವವರೇ ತಪ್ಪು ಬರೆದ ಸಾಮಾನು ಅಗ್ಗಕ್ಕೆ ಸಿಗುತ್ತದೆ.

ಓಹಾಯೋ_ಗೌಡ್ತಿ

ದೊಡ್ಡ ಹರಾಜು ಮನೆಗಳಲ್ಲಿ ಕೊಳ್ಳೋರು ಬಯರ್ಸ್ ಪ್ರೀಮಿಯಂ ಅನ್ನೋ ಹರಾಜು ಮನೆಯ ಶುಲ್ಕ ನೆನಪಿಟ್ಟುಕೊಳ್ಳಿ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಇನ್ನೂ 20–25 ಪರ್ಸೆಂಟ್. ಬೆಲೆ ಹೋಲಿಸೋವಾಗಲೂ ಅಷ್ಟೇ, ಕೆಲವು ಕಡೆ ಅದನ್ನ ಸೇರಿಸಿ ತೋರಿಸ್ತಾರೆ, ಕೆಲವು ಕಡೆ ಇಲ್ಲ.

ಕಾವೇರಿ_ಪೆನ್ಸಿಲ್ವೇನಿಯ

ಕಲ್ಲಚ್ಚು ಅವರೇ, ಟಾರ್ಚ್ ಬಂತು. ಒಂದು ಬೆಕ್ಕು ಟ್ಯೂಬ್‌ಲೈಟ್ ಥರ ಹೊಳೀತು, ಮೈ ಚಪ್ಪಟೆ. ಇನ್ನೊಂದು ಹೊಳೆಯಲೇ ಇಲ್ಲ. ಬೆನ್ನಲ್ಲಿ ತಗ್ಗು ಚೆನ್ನಾಗಿ ಸಿಗತ್ತೆ, ಮೀಸೆ ಗೆರೆ ಕೂಡ ಬೆರಳಿಗೆ ತಾಗತ್ತೆ. ಚುಕ್ಕೆಗಳು ಅಡ್ಡಾದಿಡ್ಡಿ. ಕೆಳಗೆ ತುಂಬ ಸಣ್ಣದಾಗಿ "ಜರ್ಮನಿ" ಅಂತ ಇದೆ. ಬಾಲದ ಹತ್ತಿರ ಒಂದು ಮಡಿಕೆ, ಕಿವಿಯಲ್ಲಿ ಪಿನ್ ತೂತು.

ಕಲ್ಲಚ್ಚು

ನೀವು ಹೇಳಿದ್ದೆಲ್ಲ ಒಂದೇ ಕಡೆ ಕೈ ತೋರಿಸ್ತಿದೆ. ಅಷ್ಟು ಆಳದ ಉಬ್ಬಚ್ಚನ್ನ ಮನೆಯಲ್ಲಿ ಕೂತು ನಕಲು ಮಾಡೋದು ಸುಲಭ ಅಲ್ಲ, ಅದಕ್ಕೆ ಗಂಡು ಹೆಣ್ಣು ಎರಡು ಅಚ್ಚು ಬೇಕು.

ಓಹಾಯೋ_ಗೌಡ್ತಿ

ಹಾಗಾದರೆ ಎರಡು ಬೆಕ್ಕನ್ನ ಜೋಡಿ ಅಂತ ಒಂದೇ ಲಾಟಲ್ಲಿ ಹಾಕಬೇಡಿ! ಹೊಳೆದಿದ್ದನ್ನ "ಹೊಸದು" ಅಂತ ಬರೆದು ಬಕೆಟ್ ಜೊತೆ ಕೊಡಿ. ಇನ್ನೊಂದು ಒಂಟಿಯಾಗಿ ಹರಾಜಿಗೆ ಹೋಗಲಿ. ಮುಂದೆ, ಹಿಂದೆ, ಅಡ್ಡ ಬೆಳಕಲ್ಲಿ ಉಬ್ಬು ಕಾಣೋ ಹಾಗೆ ಒಂದು, ಆ ಅಕ್ಷರದ್ದು ಹತ್ತಿರದಿಂದ ಒಂದು ಫೋಟೋ. ಮಡಿಕೆ, ಪಿನ್ ತೂತು ಎರಡನ್ನೂ ಮೊದಲ ಸಾಲಲ್ಲೇ ಬರೀರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಕಳಿಸೋವಾಗ ಎರಡು ಗಟ್ಟಿ ರಟ್ಟಿನ ನಡುವೆ, ಟೇಪ್ ಬೆಕ್ಕಿಗೆ ತಾಗದ ಹಾಗೆ. ಲಿಂಕ್ ಮಾತ್ರ ಇಲ್ಲಿ ಹಾಕಬೇಡಿ, ಹಾಕಿದರೆ ನಾನೇ ಬಿಡ್ ಮಾಡ್ತೀನಿ, ಆಮೇಲೆ ಸುಬ್ಬ ನನ್ನ ಮೇಲೆ ಬರ್ತಾರೆ.

ಸಂತೆ_ಸುಬ್ಬ

ಲಿಂಕ್ ಹಾಕಿ ಕಾವೇರಿ.